ಭೀಶಿ ರೊಕ್ಕದ ಕೂಲರ್, ಈ ಬೇಸಿಗೆಯ ನೋಟ್‌ಬುಕ್

ಯುಗಾದಿಯಿಂದ ಜೂನ್‌ನ ಮಿರ್ಗದ (ಮೃಗಶಿರಾ) ಮಳೆಯವರೆಗೆ ನಡೆದದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ. ಅರ್ಧ ನನ್ನ ಕೈಬರಹ, ಇನ್ನರ್ಧ ಸೊಸೆಯದು. ಅಕ್ಕನ ಮಗಳು ಅವಳು, ಏಳನೇ ತರಗತಿ ಮುಗಿಸಿದ್ದಾಳೆ. ಕೂಲರ್ ರಿಪೇರಿಯ ಲೆಕ್ಕ ಇಡೋಣ ಅಂತ ಶುರು ಮಾಡಿದ ಪುಸ್ತಕ ಅದು. ಆಮೇಲೆ ಮುತ್ಯಾನ (ಅಜ್ಜನ) ಊರು, ಬೀದರ್, ಮಾಳಿಗೆ ಮೇಲೆ ನೆರಳು ಅಳೆದದ್ದು, ಎಲ್ಲವೂ ಅದರಲ್ಲೇ ಸೇರಿಕೊಂಡಿತು. ಮಳೆ ಬಂದ ಮೇಲೆ ಈಗ ಪುರುಸೊತ್ತಾಗಿದೆ. ಕೂತು ಜೋಡಿಸಿ ಬರೆಯುತ್ತಿದ್ದೇನೆ.

ಕೂಲರ್ ಅವ್ವನದು. 1999ರಲ್ಲಿ ಭೀಶಿ (ಚೀಟಿ) ಎತ್ತಿದ ರೊಕ್ಕದಲ್ಲಿ ತಗೊಂಡಿದ್ದು. ಕಂಪನಿ ಮಾಲಲ್ಲ, ಕಲಬುರಗಿಯಲ್ಲೇ ತಗಡಿನ ಕೆಲಸದವರು ಕಟ್ಟಿಕೊಟ್ಟದ್ದು. ಜಿ.ಐ. ತಗಡಿನ ಡಬ್ಬಿ, ಆಂಗಲ್ ಸ್ಟ್ಯಾಂಡು, 18 ಇಂಚಿನ ಫ್ಯಾನು, ಮೂರು ಕಡೆ ಹುಲ್ಲು ತುಂಬಿದ ಜಾಳಿಗೆ ಬಾಗಿಲು, ಕೆಳಗೆ 80 ಲೀಟರ್ ಹಿಡಿಯುವ ತೊಟ್ಟಿ. ಎರಡು ಬೇಸಿಗೆಯಿಂದ ಅದು ಗಾಳಿ ಹೊಡೆಯುತ್ತಿತ್ತು, ತಂಪು ಇರಲಿಲ್ಲ. ಎಸಿ ಹಾಕಿಸೋಣ ಅಂದೆ. ಅವ್ವ ಒಪ್ಪಲಿಲ್ಲ.

"ಬಾಗ್ಲಾ ಮುಚ್ಕೊಂಡು ಒಳಗ ಕುಂದ್ರೋದು ನನ್ನ ಕೈಲೆ ಆಗಂಗಿಲ್ಲಪಾ. ಅದು ಮೊದಲ ಹೆಂಗ ಹೊಡಿತಿತ್ತು, ಹಂಗ ಮಾಡಿಕೊಡು, ಸಾಕು" ಅಂದಳು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ನನ್ನದೂ ಅಂಥದೇ ಕಚೇರಿ. ಹಾಗಾಗಿ ಎರಡು ತಿಂಗಳು ಮಧ್ಯಾಹ್ನಗಳು ನನ್ನವಾದವು. ತಗಡು ಮುಟ್ಟಲಾಗದಷ್ಟು ಕಾಯುವ ಹೊತ್ತು ಅದು. ಒಳಗಿನ ಕೆಲಸ ಊಟದ ಮೇಲೆ, ಹೊರಗಿನದು ಸಂಜೆ 5ರ ನಂತರ.

ಬಿಚ್ಚಿದ್ದು

ಯುಗಾದಿಯ ಮರುದಿನ ಬಿಚ್ಚಿದೆ. ಹೊಸ ಗಡಿಗೆಯಲ್ಲಿ ಹಬ್ಬದ ಬೇವು ಇನ್ನೂ ಉಳಿದಿತ್ತು. ನಮ್ಮ ಕಡೆ ಬೇವು ಅಂದರೆ ಚಿಟಿಕೆ ಬೇವು ಬೆಲ್ಲ ಅಲ್ಲ. ಹುಣಸೆ, ಬೆಲ್ಲ, ಮಾವಿನಕಾಯಿ, ಪುಠಾಣಿ, ಬೇವಿನ ಹೂ ಹಾಕಿ ಗಡಿಗೆ ತುಂಬ ಮಾಡುವ ಪಾನಕ. ಲೋಟದ ಮೇಲೆ ಲೋಟ ಕುಡಿಯುತ್ತ ಕೆಲಸ ಮಾಡಿದೆ.

ಬಿಚ್ಚುವ ಮೊದಲು ಒಂದು ಅಳತೆ ತಗೊಂಡೆ. ಹೊರಗೆ ನೆರಳಲ್ಲಿ 38 ಡಿಗ್ರಿ, ಕೂಲರ್ ಬಾಯಲ್ಲಿ 34. ಪುಸ್ತಕದ ಮೊದಲ ಸಾಲು ಅದೇ.

ಬಾಗಿಲು ತೆಗೆದರೆ ಹುಲ್ಲು ಹುಲ್ಲಾಗಿ ಉಳಿದಿರಲಿಲ್ಲ. ಅಂಗಡಿಯವರು ಹುಲ್ಲು ಅನ್ನುತ್ತಾರೆ, ನಿಜಕ್ಕೂ ಅದು ಎಳೆ ಎಳೆಯಾಗಿ ಹೆರೆದ ಮರ. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿ ಅದು ಹಲಗೆಯಂತೆ ಗಟ್ಟಿಯಾಗಿತ್ತು. ಕೈಯಿಂದ ತಟ್ಟಿದರೆ ಸದ್ದು ಬರುತ್ತಿತ್ತು. ಗಾಳಿ ಅದರೊಳಗಿಂದ ಬರದೆ ಅಂಚಿನ ಸಂದಿಯಿಂದ ಬರುತ್ತಿತ್ತು. ಸಂದಿಯಲ್ಲಿ ನೀರಿಲ್ಲ, ಅಲ್ಲಿ ಬರೋದು ಬರೀ ಬಿಸಿಗಾಳಿ. ಮೇಲೆ ನೀರು ಹಂಚುವ ಪೈಪಿನಲ್ಲಿ 24 ತೂತು ಇದ್ದವು. ಅದರಲ್ಲಿ ತೆರೆದಿದ್ದು 9. ತಂಪಾಗದೇ ಇರೋದಕ್ಕೆ ಇಷ್ಟು ಸಾಕು.

ಪೈಪು, ಜಾಳಿಗೆ, ಪಂಪಿನ ಮುಚ್ಚಳ ಎಲ್ಲವನ್ನೂ ಲಿಂಬಿ ಉಪ್ಪಿನ (ಸಿಟ್ರಿಕ್ ಆಸಿಡ್ ಪುಡಿಯ) ನೀರಲ್ಲಿ ನೆನೆಹಾಕಿದೆ. 10 ಲೀಟರ್ ಬಿಸಿನೀರಿಗೆ 100 ಗ್ರಾಂ. ಬುರುಬುರು ಗುಳ್ಳೆ ಎದ್ದವು. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಉಪ್ಪು ತಾನಾಗಿ ಬಿಟ್ಟುಕೊಂಡಿತು. ಬಾತ್‌ರೂಮಿನ ಆಸಿಡ್ ಹಾಕಿ ಅಂತ ಒಬ್ಬರು ಹೇಳಿದ್ದರು. ಅದು ತಗಡಿನ ಸತುವನ್ನೂ ತಿಂದುಬಿಡುತ್ತದೆ, ಹಾಗಾಗಿ ಬೇಡ ಅಂದೆ.

ತೊಟ್ಟಿಯ ತಳ ನೋಡಿ ಬೇಜಾರಾಯಿತು. ಕೆಳಗೆ ಟಾರ್ಚ್ ಹಿಡಿದರೆ ಮೂಲೆಯಲ್ಲಿ ನಾಲ್ಕೈದು ಕಡೆ ಬೆಳಕು ಕಾಣಿಸಿತು. ಜಿ.ಐ. ತಗಡಿನ ಮೇಲೆ ಸತುವಿನ ಲೇಪ ಇರುತ್ತದೆ. ಆ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ಪೂರ್ತಿ ಮುಗಿದ ಜಾಗದಲ್ಲಿ ಜಂಗು ಹಿಡಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಅದು ಕಾದಿದೆ, ಇನ್ನೆಷ್ಟು ಅಂತ ಕಾಯಬೇಕು. ತಂತಿ ಬ್ರಷ್, ಆಮೇಲೆ 80 ನಂಬರ್ ಪಾಲಿಶ್ ಪೇಪರ್, ಆಮೇಲೆ ಥಿನ್ನರ್‌ನಲ್ಲಿ ಒರೆಸಿದೆ. ಸಣ್ಣ ತೂತಿಗೆ ಎಂ-ಸೀಲ್. ದೊಡ್ಡದೊಂದಕ್ಕೆ ತಗಡಿನ ತೇಪೆ ಇಟ್ಟು ರಿವೆಟ್ ಹೊಡೆದು ಸುತ್ತ ಎಂ-ಸೀಲ್ ಮೆತ್ತಿದೆ. ಜಂಗು ತೆಗೆದ ಜಾಗಕ್ಕೆ ರೆಡ್ ಆಕ್ಸೈಡ್, ಅದರ ಮೇಲೆ ಇಡೀ ತೊಟ್ಟಿಗೆ ಎರಡು ಕೈ ಡಾಂಬರು ಪೇಂಟು. ನಮ್ಮ ಬಿಸಿಲಿಗೆ ಮೂರು ತಾಸಿನಲ್ಲಿ ಒಣಗಿದಂತೆ ಕಾಣುತ್ತದೆ, ಆದರೆ ಪ್ರತಿ ಕೈಗೂ ಒಂದು ದಿನ ಬಿಟ್ಟೆ. ಒಳಗೆ ಹಸಿ ಉಳಿದರೆ ನೀರು ತುಂಬಿದ ಮೇಲೆ ಪೊರೆ ಏಳುತ್ತದೆ.

ಮೋಟರ್ ಕೆಲಸ ಬೇಗ ಮುಗಿಯಿತು. ಫ್ಯಾನಿನ ರೆಕ್ಕೆಗೆ ಕಡ್ಡಿಯಿಂದ ತಳ್ಳಿದರೆ ಮಾತ್ರ ತಿರುಗುತ್ತಿತ್ತು. ಅದು ಕಂಡೆನ್ಸರ್ ಹೋದ ಲಕ್ಷಣ. ಮೇಲೆ 4 ಅಂತ ಬರೆದಿತ್ತು, ಮೀಟರ್ 2.1 ಮೈಕ್ರೋಫ್ಯಾರಡ್ ತೋರಿಸಿತು. ಹೊಸದು ಹಾಕಿದೆ. ಬುಶ್ ಹತ್ತಿರದ ಉಣ್ಣೆ ಗಾದಿಗೆ ಮಶೀನ್ ಎಣ್ಣೆ ನಾಲ್ಕು ಹನಿ. ಅಷ್ಟೇ.

"ಜುಂ ಅಂತದ ಮಾಮಾ"

ಏಪ್ರಿಲ್ 16ರ ಪುಟ ಇದು. ಈ ಪುಟಕ್ಕಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ಅಕ್ಕ ಹುಬ್ಬಳ್ಳಿಯಿಂದ ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನ ಬಂದಿದ್ದಳು. ಕೂಲರ್ ಕಿಟಕಿಗೆ ಹೊಂದಿಸಿ, ಹಳೇ ಪಂಪನ್ನೇ ಹಾಕಿ, ನೀರು ಸರಿಯಾಗಿ ಬೀಳುತ್ತದಾ ಅಂತ ನೋಡುತ್ತಿದ್ದೆ. ಅಂಗಳಕ್ಕೆ ಶಹಾಬಾದ್ ಪರ್ಸಿ ಹಾಸಿದೆ, ಎಲ್ಲ ಕಡೆ ನೀರು ಚೆಲ್ಲಿತ್ತು. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅಳಿಯ ಬರಿಗಾಲಲ್ಲಿ ಓಡಿ ಬಂದು ತಗಡಿಗೆ ಕೈ ಇಟ್ಟ. ಎಂಟು ವರ್ಷದ ಹುಡುಗ. ತಟ್ಟನೆ ಕೈ ತೆಗೆದು ನನ್ನ ಮುಖ ನೋಡಿದ.

"ಮಾಮಾ, ಇದು ಜುಂ ಅಂತದ."

ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಅರ್ಧ ತಾಸು ನನಗೆ ಏನೂ ಮಾಡಲು ಆಗಲಿಲ್ಲ. ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಕೂತಿದ್ದೆ. ಬೇಸಿಗೆಯಲ್ಲಿ ಕೂಲರ್ ಮುಟ್ಟಿ ಜೀವ ಹೋದ ಸುದ್ದಿ ನಾವೆಲ್ಲ ಓದಿದ್ದೇವೆ. ತಗಡಿನ ಮೈ, ನೀರು, ಬರಿಗಾಲು ಮೂರೂ ಒಂದೇ ಕಡೆ ಸೇರುವ ವಸ್ತು ಮನೆಯಲ್ಲಿ ಇದೊಂದೇ.

ಆಮೇಲೆ ಹುಡುಕಿದೆ. ಚಪ್ಪಲಿ ಹಾಕಿ, ಒಣ ಮಣೆಯ ಮೇಲೆ ನಿಂತು, ಎಲ್ಲರನ್ನೂ ಒಳಗೆ ಕಳಿಸಿ. ಕೂಲರ್ ಮೈ ಮತ್ತು ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪೈಪಿನ ನಡುವೆ ಮೀಟರ್ ಇಟ್ಟರೆ 92 ವೋಲ್ಟ್. ಡಿಜಿಟಲ್ ಮೀಟರ್ ಕೆಲವೊಮ್ಮೆ ಸುಮ್ನೆ ಹೀಗೆ ತೋರಿಸುವುದುಂಟು. ಆದರೆ ಇಲ್ಲಿ ಹುಡುಗನ ಕೈಗೇ ತಾಗಿತ್ತು, ಅನುಮಾನಕ್ಕೆ ಜಾಗವಿಲ್ಲ. ಪ್ರತಿ ಸಲ ಮೇನ್ ಇಳಿಸಿ, ಒಂದೊಂದೇ ತಂತಿ ಬಿಡಿಸಿ ಮತ್ತೆ ನೋಡಿದೆ. ಫ್ಯಾನ್ ಬಿಡಿಸಿದರೂ ಹಾಗೇ ಇತ್ತು. ಪಂಪ್ ಬಿಡಿಸಿದರೆ 5 ವೋಲ್ಟಿಗೆ ಇಳಿಯಿತು. ಪಂಪಿನ ವೈರಿಗೆ ಯಾರೋ ಯಾವಾಗಲೋ ನೀರಿನೊಳಗೇ ಜೋಡಣೆ ಮಾಡಿ ಟೇಪು ಸುತ್ತಿದ್ದರು. ಟೇಪು ಬಿರಿದಿತ್ತು.

ಆದರೆ ದೊಡ್ಡ ತಪ್ಪು ಪಂಪಿನದಲ್ಲ. ಗೋಡೆಯ ಸಾಕೆಟ್ ಬಿಚ್ಚಿದೆ. ಮೂರು ಪಿನ್ನಿನ ಸಾಕೆಟ್, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲ. ಇಡೀ ಮನೆಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಇರಲಿಲ್ಲ. ಇಷ್ಟು ವರ್ಷ ನಾವು ಮೂರು ಪಿನ್ ಚುಚ್ಚಿ ನಿಶ್ಚಿಂತೆಯಾಗಿದ್ದೆವು.

ಇದು ನಾನು ಮಾಡುವ ಕೆಲಸ ಅಲ್ಲ ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅವರನ್ನು ಕರೆದೆ. ಅಂಗಳದ ಮೂಲೆಯಲ್ಲಿ ಎಂಟು ಅಡಿ ಗುಂಡಿ ತೋಡಿಸಿದರು. ಮೇಲೆ ನಾಲ್ಕು ಅಡಿ ಎರೆಮಣ್ಣು, ಕೆಳಗೆ ಗರಸು. ಎರಡೂವರೆ ಮೀಟರಿನ ಜಿ.ಐ. ಪೈಪು ಇಳಿಸಿ, ಸುತ್ತ ಒಂದು ಪದರು ಇದ್ದಿಲು, ಒಂದು ಪದರು ಉಪ್ಪು ಹಾಕುತ್ತ ಬಂದರು. ಆಗ ಅವರು ಹೇಳಿದ ಒಂದು ಮಾತು ಎಲ್ಲರೂ ತಿಳಿಯಬೇಕಾದದ್ದು.

"ನೋಡ್ರಿ ಸರ್, ನಮ್ಮ ಎರಿಮಣ್ಣ ಹಸಿ ಇದ್ದಾಗ ಭಾರಿ ಚೊಲೊ. ಒಣಗಿತು ಅಂದ್ರ ಸೀಳ್ತದ, ಪೈಪ್ ಬಿಟ್ಟು ದೂರ ಸರಿತದ. ಬ್ಯಾಸಗ್ಯಾಗ ಇದಕ್ಕ ನೀರ ಕುಡಿಸ್ರಿ."

ಹೌದಲ್ವಾ. ಹೊಲದಲ್ಲಿ ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಇದೇ ಮಣ್ಣು. ಕೂಲರ್ ಓಡುವುದು ಬೇಸಿಗೆಯಲ್ಲಿ, ಅರ್ಥಿಂಗ್ ಸೊರಗುವುದೂ ಬೇಸಿಗೆಯಲ್ಲಿ. ಅಂದಿನಿಂದ ದಿನಾ ಸಂಜೆ ಗುಂಡಿಗೆ ಒಂದು ಕೊಡ ನೀರು ಹಾಕುವ ಕೆಲಸ ಅಳಿಯನದು. ಮನೆಯಲ್ಲಿದ್ದಾಗ ಒಂದು ದಿನವೂ ತಪ್ಪಿಸಲಿಲ್ಲ ಅವನು.

ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿದೆ. ಹೋದ ಕರೆಂಟು ಪೂರ್ತಿ ತಿರುಗಿ ಬರದೆ ಬೇರೆ ದಾರಿ ಹಿಡಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು ಕರೆಂಟು ಕಡಿಯುತ್ತದೆ. ಅದರ ಮೇಲೆ ಟೆಸ್ಟ್ ಬಟನ್ ಇದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಹೊಸ ಪಂಪು ತಂದೆ. ವೈರಿನ ಜೋಡಣೆ ಎಲ್ಲ ನೀರಿನಿಂದ ಮೇಲೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸಾಕೆಟ್‌ಗೆ ಹೋಗುವ ವೈರನ್ನು ಮೊದಲು ಕೆಳಗೆ ಜೋಲಿ ಬಿಟ್ಟು ಆಮೇಲೆ ಮೇಲಕ್ಕೆ ಒಯ್ದೆ. ವೈರಿನ ಮೇಲೆ ಜಾರಿ ಬರುವ ಹನಿ ಆ ಜೋಲಿಯಲ್ಲೇ ಬಿದ್ದುಹೋಗುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಇದನ್ನು ಸೊಸೆ ದೊಡ್ಡ ಅಕ್ಷರದಲ್ಲಿ ಬರೆದು ಕಿಟಕಿಗೆ ಅಂಟಿಸಿದ್ದಾಳೆ.

ಕೂಲರ್‌ಗೆ ಮಾಡಿದ ಖರ್ಚಿಗಿಂತ ಈ ಖರ್ಚು ಜಾಸ್ತಿ ಆಯಿತು. ಎರಡನೇ ಸಲ ಯೋಚಿಸದೆ ಕೊಟ್ಟೆ.

ಹುಲ್ಲು ಮತ್ತು ಎರಡು ಥರ್ಮಾಮೀಟರ್

ಹುಲ್ಲು ತರಲು ಸೂಪರ್ ಮಾರ್ಕೆಟ್ ಕಡೆ ಹೋದೆವು. ಲಾವಂಚ ಹಾಕೋಣ ಅಂತ ಅಕ್ಕನ ಆಸೆ, ವಾಸನೆ ಚೆನ್ನಾಗಿರುತ್ತದೆ ಅಂತ. ಮೂರೂ ಕಡೆ ಬರೀ ಲಾವಂಚ ತುಂಬಿದರೆ ದಟ್ಟವಾಗಿ ಗಾಳಿ ಕಟ್ಟುತ್ತದೆ. ಹಾಗಾಗಿ ಮಾಮೂಲಿ ಹುಲ್ಲೇ ತಗೊಂಡು, ಒಂದು ಬಾಗಿಲಿನಲ್ಲಿ ಮಾತ್ರ ತೆಳ್ಳಗೆ ಲಾವಂಚ ಸೇರಿಸಿದೆ. ತುಂಬುವುದರಲ್ಲೇ ಅರ್ಧ ಕೆಲಸ ಇದೆ. ದಪ್ಪ ಆದರೆ ಗಾಳಿ ನಿಲ್ಲುತ್ತದೆ, ಎಲ್ಲಾದರೂ ತೆಳ್ಳಗಾದರೆ ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಬಾಗಿಲನ್ನು ಬಿಸಿಲಿಗೆ ಹಿಡಿದು ನೋಡಬೇಕು. ಬೆಳಕು ಎಲ್ಲ ಕಡೆ ಒಂದೇ ಸಮ ಮಬ್ಬಾಗಿ ಬಂದರೆ ಸರಿ. ಒಂದು ಕಡೆ ಚುಕ್ಕೆಯಂತೆ ಹೊಳೆದರೆ ಅಲ್ಲಿಗೆ ಒಂದು ಹಿಡಿ ಹುಲ್ಲು. ಮೊದಲ ದಿನದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಿ ಹೊಸದು ಹಾಕಬೇಕು.

ಸೊಸೆಗೆ ಅಳೆಯುವ ಹುಚ್ಚು ಹತ್ತಿದ್ದು ಆಗಲೇ. ಎರಡು ಥರ್ಮಾಮೀಟರ್ ನೆರಳಲ್ಲಿ ತೂಗಿಹಾಕಿದೆವು. ಒಂದರ ಬುಡಕ್ಕೆ ಅವ್ವನ ಹಳೇ ಕಾಟನ್ ಸೀರೆಯ ಚೂರು ಸುತ್ತಿ, ಅದರ ತುದಿಯನ್ನು ಚರಗಿ ನೀರಲ್ಲಿ ಇಳಿಬಿಟ್ಟೆವು. ಅದು ಒದ್ದೆ, ಇನ್ನೊಂದು ಒಣ. ನೀರು ಆರುವಾಗ ಸುತ್ತಲಿನ ಕಾವನ್ನು ಹೀರುತ್ತದೆ. ಹಾಗಾಗಿ ಒದ್ದೆಯದು ಯಾವಾಗಲೂ ಕಡಿಮೆ ತೋರಿಸುತ್ತದೆ. ಎಷ್ಟೇ ಒಳ್ಳೆ ಕೂಲರ್ ಇದ್ದರೂ ಆ ಒದ್ದೆ ಅಂಕಿಗಿಂತ ಕೆಳಗೆ ಇಳಿಸಲಾರದು.

ಏಪ್ರಿಲ್ 24, ಮಧ್ಯಾಹ್ನ 3 ಗಂಟೆ. ಒಣ 41, ಒದ್ದೆ 24, ಕೂಲರ್ ಬಾಯಲ್ಲಿ 29.

ಆ ಸಂಖ್ಯೆ ನೋಡಿ ಸೊಸೆ ಕುಣಿದಳು. 17 ಡಿಗ್ರಿಯ ಅಂತರದಲ್ಲಿ 12 ಡಿಗ್ರಿ ಇಳಿಸಿದೆ ಅಂದರೆ ನೂರಕ್ಕೆ 70. ಈ 17 ಡಿಗ್ರಿ ಅಂತರ ನಮ್ಮ ಕಲಬುರಗಿಯ ಒಣ ಬಿಸಿಲು ಕೊಟ್ಟದ್ದು. ಕರಾವಳಿಯವರಿಗೆ ಇದು ಸಿಗುವುದಿಲ್ಲ. ಅವರ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಆದರೆ ಇದೇ ಬಿಸಿಲು ಬರೀ ನೀರಿನಲ್ಲಿ ತಂಪು ಮಾಡಿಕೊಳ್ಳುವ ದಾರಿಯನ್ನೂ ಕೊಟ್ಟಿದೆ. ಒಂದು ಲೀಟರ್ ನೀರು ಆರಲು ಸುಮಾರು 2,400 ಕಿಲೋಜೂಲ್ ಕಾವು ಬೇಕು. ಕರೆಂಟಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ. ನಮ್ಮ ಕೂಲರ್ ಮಧ್ಯಾಹ್ನ ತಾಸಿಗೆ 10 ಲೀಟರ್ ಕುಡಿಯುತ್ತದೆ. ಇಷ್ಟಕ್ಕೆ ಫ್ಯಾನು, ಪಂಪು ಎರಡೂ ಸೇರಿ ಎಳೆಯುವುದು ಬರೀ 210 ವ್ಯಾಟ್.

ಆದರೂ ಕೋಣೆ ಒಳಗೆ ಒಂದು ತಾಸಾದ ಮೇಲೆ ಮೈ ಅಂಟು ಅಂಟು. ಕೂಲರ್ ಸರಿ ಇದೆ, ಅಂಕಿ ಸರಿ ಇವೆ, ಏನಾಯಿತು ಅಂತ ತಲೆ ಕೆಡಿಸಿಕೊಂಡೆ. ಅವ್ವ ಅಡುಗೆ ಮನೆಯಿಂದಲೇ ಕೂಗಿದಳು.

"ಹಿಂದಿನ ಕಿಡಕಿ ತೆಗೀರಿ. ಗಾಳಿ ಒಳಗ ಬಂದ್ರ ಸಾಕೇನು, ಹೊರಗ ಹೋಗೋದು ಬ್ಯಾಡಾ?"

ಎದುರಿನ ಕಿಟಕಿ ಒಂದು ಗೇಣು ತೆರೆದೆ. ಐದು ನಿಮಿಷದಲ್ಲಿ ಕೋಣೆ ಬದಲಾಯಿತು. ಕೂಲರ್ ತಂದ ಹಸಿಗಾಳಿ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಕೋಣೆಯೇ ಕರಾವಳಿ ಆಗುತ್ತದೆ. ಅವ್ವ ಇದನ್ನು 1999ರಿಂದ ಹೇಳುತ್ತಿದ್ದಾಳೆ.

ಮುತ್ಯಾನ ಊರು, ತೊಗರಿ ಕಟ್ಟಿಗೆ

ಏಪ್ರಿಲ್ ಕೊನೆಯಲ್ಲಿ ಎಲ್ಲರೂ ಜೇವರ್ಗಿ ಕಡೆ ಮುತ್ಯಾನ ಊರಿಗೆ ಹೋದೆವು. ಅವ್ವನ ತವರು ಅದು. ನಾಲ್ಕು ದಿನ ಮಾವಿನ ಸೀಕರಣಿ, ಶಾವಿಗಿ, ರಾತ್ರಿ ಮಾಳಿಗೆಗೆ ನೀರು ಹೊಡೆದು ಹಾಸಿಗೆ. ಸೊಲ್ಲಾಪುರದಿಂದ ಅತ್ತಿಯೂ ಬಂದಿದ್ದಳು. ಅವಳ ಮಾತಲ್ಲಿ ಮರಾಠಿ, ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ಮಕ್ಕಳಿಗೆ ಅದೇ ಆಟ.

ಮುತ್ಯಾ ಕೂಲರ್ ಕಥೆಯನ್ನು ಪೂರ್ತಿ ಕೇಳಿದ. ಸಾಕೆಟ್ ವಿಷಯ ಬಂದಾಗ ಅಳಿಯನ ಕೈ ಹಿಡಿದು ಸವರಿದ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕ ನೆಳ್ಳ ಅದ ಏನು?"

ಇರಲಿಲ್ಲ. ಕೂಲರ್ ಪಶ್ಚಿಮದ ಕಿಟಕಿಗೆ ಇದೆ, 2 ಗಂಟೆಯಿಂದ ನೇರ ಬಿಸಿಲು. ಹೊಲದಲ್ಲಿ ತೊಗರಿ ರಾಶಿ ಆದ ಮೇಲೆ ಒಟ್ಟಿದ ಕಟ್ಟಿಗೆ ಇತ್ತು. ಮುತ್ಯಾ ತಾನೇ ಕೂತು ತೆಳ್ಳನೆಯವು ಆರಿಸಿ, ಹಗ್ಗದಲ್ಲಿ ಹೆಣೆದು ಎರಡು ತಟ್ಟಿ ಮಾಡಿಕೊಟ್ಟ. ಬಸ್ಸಿನ ಮೇಲೆ ಹಾಕಿಕೊಂಡು ತಂದೆವು. ಕೂಲರ್‌ಗೂ ತಟ್ಟಿಗೂ ನಡುವೆ ಎರಡು ಅಡಿ ಜಾಗ ಬಿಟ್ಟು ಕಟ್ಟಿದೆ, ಗಾಳಿಗೆ ಅಡ್ಡ ಆಗಬಾರದು ಅಂತ. ಬಾಯಲ್ಲಿ 29 ಇದ್ದದ್ದು 28 ಆಯಿತು. ಒಂದೇ ಡಿಗ್ರಿ ನಿಜ, ಆದರೆ ಪಶ್ಚಿಮದ ಬಾಗಿಲಿನ ಹುಲ್ಲು ಮೇಲ್ಭಾಗದಲ್ಲಿ ಒಣಗುತ್ತಿದ್ದದ್ದು ಪೂರ್ತಿ ನಿಂತಿತು.

ಮೇ 9

ಈ ದಿನ ಕೂಲರ್ ಮುಟ್ಟಲಿಲ್ಲ. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 9ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಮಾಳಿಗೆ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ, ಸುತ್ತ ಸೀಮೆಸುಣ್ಣದಲ್ಲಿ ನೆರಳಿನ ಗುರುತು ಹಾಕುತ್ತ ಕೂತೆವು. ತಲೆಗೆ ಒದ್ದೆ ಟವೆಲ್, ಕೈಯಲ್ಲಿ ಮಜ್ಜಿಗೆ. 12 ಗಂಟೆ 19 ನಿಮಿಷದ ಹೊತ್ತಿಗೆ ಲೋಟದ ಸುತ್ತ ನೆರಳೇ ಇಲ್ಲ. ಅಳಿಯ ತಾನೂ ನೆಟ್ಟಗೆ ನಿಂತು ಕಾಲ ಕೆಳಗೆ ಹುಡುಕಿದ. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ ಇರುತ್ತದೆ.

ಬೀದರ್

ಮೇ ಮೂರನೇ ಭಾನುವಾರ ಬೆಳಗಿನ ರೈಲಿಗೆ ಬೀದರ್. ಕಲಬುರಗಿಯಿಂದ ಬೀದರ್‌ಗೆ ನೇರ ರೈಲು ಮಾರ್ಗ ಆದದ್ದು 2017ರಲ್ಲಿ, ಸುಮಾರು 110 ಕಿ.ಮೀ. ಬೀದರ್ ನಮಗಿಂತ ಎತ್ತರದಲ್ಲಿದೆ. ಇಳಿದ ಕೂಡಲೇ ಗಾಳಿ ಬೇರೆ ಅನ್ನಿಸಿತು. ಥರ್ಮಾಮೀಟರ್ ಸೊಸೆಯ ಚೀಲದಲ್ಲಿತ್ತು. ಕೋಟೆಯ ಗುಂಬಜ್ ದರ್ವಾಜದ ಒಳಗೆ 33, ಹೊರಗೆ ಬೇವಿನ ಮರದ ಕೆಳಗೆ 37. ಮಹಮೂದ್ ಗಾವಾನ್ ಮದರಸಾ 1472ರದು. ಅದರ ಮಿನಾರಿನ ಮೇಲೆ ಉಳಿದಿರುವ ಬಣ್ಣದ ಹಂಚಿನ ಚೂರುಗಳನ್ನು ಅಕ್ಕ ಬಹಳ ಹೊತ್ತು ನೋಡಿದಳು.

ಬಿದ್ರಿ ಅಂಗಡಿಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಬಿದ್ರಿ ಪಾತ್ರೆಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಒಂದು ತಿಂಗಳು ಸತುವಿನ ತಗಡು ತಿಕ್ಕಿ ಬಂದ ನನಗೆ ಆ ಕಪ್ಪು ಮುಟ್ಟಿ ಮುಟ್ಟಿ ನೋಡಬೇಕು ಅನ್ನಿಸಿತು. ಅವ್ವನಿಗೆ ಒಂದು ಸಣ್ಣ ಕುಂಕುಮದ ಡಬ್ಬಿ ತಗೊಂಡೆ.

ಮನಸ್ಸು ಹಿಡಿದದ್ದು ನೌಬಾದ್ ಹತ್ತಿರದ ಕಾರೇಜ್. ಊರವರು ಸುರಂಗ ಬಾವಿ ಅನ್ನುತ್ತಾರೆ. ಬಹಮನಿಯರ ಕಾಲದಲ್ಲಿ, 15ನೇ ಶತಮಾನದಲ್ಲಿ ನೆಲದೊಳಗೆ ತೋಡಿದ ನೀರಿನ ದಾರಿ. ಬೀದರ್‌ನ ಮೇಲ್ಪದರು ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಜಿನುಗಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರಿಗೆ ಒಂದಿಷ್ಟೇ ಇಳಿಜಾರು ಕೊಟ್ಟು ಸುರಂಗ ತೋಡಿದ್ದಾರೆ. ಅಲ್ಲಲ್ಲಿ ಮೇಲಿಂದ ನೇರ ಬಾವಿಯಂಥ ಬಾಯಿಗಳು, ತೋಡಲು, ಗಾಳಿಗೆ, ನೀರು ಎತ್ತಲು. ಪಂಪಿಲ್ಲ, ವೈರಿಲ್ಲ, ನೀರು ತಾನಾಗಿ ಹೋಗುತ್ತದೆ. ನೆಲದೊಳಗೇ ಇರುವುದರಿಂದ ಬಿಸಿಲಿಗೆ ಆರಿಹೋಗುವುದೂ ಇಲ್ಲ. ಒಂದು ಬಾಯಿಯ ಹತ್ತಿರ ಬಗ್ಗಿದರೆ ಕೆಳಗಿಂದ ತಣ್ಣನೆ ಉಸಿರು ಬಂದಂತೆ ಆಯಿತು. ಅಳಿಯನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತೋರಿಸಿದೆ.

ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಊಟ. ಅಲ್ಲಿಯ ಝರಿಯೂ ಅದೇ ಜಂಬಿಟ್ಟಿಗೆ ಕಲ್ಲಿನ ಬಂಡೆಯಿಂದ ಬರುವುದು. ಗುರು ನಾನಕರು ಕಾಲಿನಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಅಂತ ನಂಬಿಕೆ. ಆ ನೀರು ಕುಡಿದು ಸೊಸೆ ಕೇಳಿದಳು, "ಮಾಮಾ, ಇಷ್ಟು ವರ್ಷ ಇದ್ದರೂ ಇದು ಯಾಕ ಉಪ್ಪಾಗಿಲ್ಲ? ನಮ್ಮ ಕೂಲರ್ ನೀರ ನಾಲ್ಕ ದಿನಕ್ಕ ಉಪ್ಪ ಆಗ್ತದ."

ಹರಿಯುತ್ತದೆ, ಅದಕ್ಕೆ, ಅಂದೆ. ಹೇಳಿದ ಮೇಲೆ ನನಗೇ ಹೊಳೆಯಿತು.

ಹರಿಯುವ ನೀರು

ಕೂಲರ್‌ನಲ್ಲಿ ಆರುವುದು ಬರೀ ನೀರು. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ನಾವು ಮೇಲೆ ಮೇಲೆ ನೀರು ತುಂಬಿದಷ್ಟೂ ಉಪ್ಪು ಕೂಡುತ್ತ ಹೋಗುತ್ತದೆ. ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆವು. ಬೋರ್ ನೀರು 780. ಅದೇ ನೀರು ತೊಟ್ಟಿಯಲ್ಲಿ ಐದು ದಿನದ ಮೇಲೆ 2,900. ಹೊಸ ಹುಲ್ಲಿನ ಅಂಚಿಗೆ ಆಗಲೇ ಬಿಳಿ ಕಟ್ಟತೊಡಗಿತ್ತು. ಹಳೇ ಹುಲ್ಲು ಹಲಗೆ ಆದದ್ದು ಹೀಗೆಯೇ.

ಎರಡು ಬದಲಾವಣೆ ಮಾಡಿದೆ. ಒಂದು, ಬೋರ್ ಬಿಟ್ಟು ಸಂಪಿನಲ್ಲಿ ಹಿಡಿದಿಟ್ಟ ನಲ್ಲಿ ನೀರು. ನಲ್ಲಿ ದಿನಾ ಬರುವುದಿಲ್ಲ, ಆದರೆ ಅದರ ಟಿಡಿಎಸ್ 340. ಎರಡು, ಪಂಪಿನಿಂದ ಮೇಲೆ ಹೋಗುವ ಪೈಪಿಗೆ ಒಂದು ಟಿ ಕೂರಿಸಿ, ಸಲೈನ್ ನಳಿಕೆಯಷ್ಟು ಸಣ್ಣ ಪೈಪು, ಅದಕ್ಕೊಂದು ಪುಟ್ಟ ಕೊಳಾಯಿ. ತಾಸಿಗೆ 5 ಲೀಟರ್ ಹೊರಗೆ ಬರುವಂತೆ ತಿರುಗಿಸಿಟ್ಟೆ. 10 ಲೀಟರ್ ಆರುತ್ತದೆ, 5 ಹೊರಗೆ ಹೋಗುತ್ತದೆ. ಅಂದರೆ ಹಾಕುವ ಮೂರು ಪಾಲಿನಲ್ಲಿ ಒಂದು ಪಾಲು ಹೊರಗೆ. ಈ ಲೆಕ್ಕದಲ್ಲಿ ಉಪ್ಪು ಮೂರು ಪಟ್ಟಿಗಿಂತ ಏರುವುದಿಲ್ಲ. ವಾರದ ಮೇಲೆ ನೋಡಿದರೆ ಮೀಟರ್ 1,000ದ ಆಸುಪಾಸಿನಲ್ಲೇ ನಿಂತಿತ್ತು.

ನೀರಿನ ಬರ ಇರುವ ಊರಲ್ಲಿ ನೀರು ಹೊರಗೆ ಬಿಡುವುದು ಅಂದರೆ ಅವ್ವನಿಗೆ ಸಂಕಟ. ಅದಕ್ಕೆ ಕೆಳಗೆ ಬಕೆಟ್ ಇಟ್ಟೆ. ದಿನಕ್ಕೆ ಎರಡು ಬಕೆಟ್, ಅಂಗಳ ತೊಳೆಯಲು, ಸಂಡಾಸಿಗೆ. ಅರ್ಥಿಂಗ್ ಗುಂಡಿಗೂ ಈಗ ಇದೇ ನೀರು. ಅಲ್ಲಿಗೆ ಸ್ವಲ್ಪ ಉಪ್ಪಿದ್ದರೂ ತೊಂದರೆಯಿಲ್ಲ.

ಪ್ರತಿ ಭಾನುವಾರ ತೊಟ್ಟಿ ಪೂರ್ತಿ ಖಾಲಿ ಮಾಡಿ, ಗೋಡೆ ತಿಕ್ಕಿ, ಒಣಗಿಸಿ ಮತ್ತೆ ತುಂಬುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ, ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಹಾಗಾಗಿ ಚೆಲ್ಲಿದರೆ ಸಾಲದು, ತಿಕ್ಕಲೇಬೇಕು.

ಮಕ್ಕಳು ಹೊರಡುವ ಹಿಂದಿನ ಸಂಜೆ ಕಲಬುರಗಿ ಕೋಟೆಗೆ ಹೋಗಿದ್ದೆವು. ಅಲ್ಲಿಯ ಜಾಮಿಯಾ ಮಸೀದಿ 1367ರದು, ನಡುವೆ ಬಯಲು ಅಂಗಳ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ್ದು. ಕಮಾನುಗಳ ಸಾಲಿನಲ್ಲಿ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು. ಅಳಿಯ ಅವ್ವನ ಕಡೆ ತಿರುಗಿ, "ಆಯಿ, ಇಲ್ಲೂ ಹಿಂದಿನ ಕಿಡಕಿ ತೆಗ್ದಾರ" ಅಂದ. ಅವ್ವ ಅವನ ತಲೆ ಸವರಿದಳು.

ಜೂನ್ 11. ಮಿರ್ಗ ಹೂಡಿ ಎರಡು ಮಳೆ ಆಗಿವೆ. ಒಣ 31, ಒದ್ದೆ 26, ಬಾಯಲ್ಲಿ 27. ಪಂಪು ಬಂದ್ ಮಾಡಿ ಬರೀ ಫ್ಯಾನ್ ಇಟ್ಟೆ. ಮುಂದಿನ ಭಾನುವಾರ ನೀರು ತೆಗೆದು, ಹುಲ್ಲು ಕಿತ್ತು, ಪಂಪನ್ನು ಲಿಂಬಿ ಉಪ್ಪಿನಲ್ಲಿ ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟೆ. ತೊಟ್ಟಿಯ ತೇಪೆ ಗಟ್ಟಿ ಇದೆ, ಡಾಂಬರು ಒಂದು ಕಡೆ ಸ್ವಲ್ಪ ಎದ್ದಿದೆ, ಮಾರ್ಚ್‌ನಲ್ಲಿ ಇನ್ನೊಂದು ಕೈ ಬೇಕು. ಮುತ್ಯಾನ ತಟ್ಟಿ ಸುತ್ತಿ ಮಾಳಿಗೆ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.

ಆ ರಾತ್ರಿ ಹುಬ್ಬಳ್ಳಿಯಿಂದ ಫೋನ್. ಒಂದು ಥರ್ಮಾಮೀಟರ್ ಜೋಡಿಯನ್ನು ಸೊಸೆ ಕೇಳಿ ತಗೊಂಡು ಹೋಗಿದ್ದಳು.

"ಮಾಮಾ ಬರ್ಕೋ. ಹುಬ್ಬಳ್ಳಿ, ಸಂಜಿ 5. ಒಣ 27, ಒದ್ದೆ 24. ಮೂರ ಡಿಗ್ರಿ ಫರಕ. ಇಲ್ಲಿ ಕೂಲರ್ ನಡಿಯಂಗಿಲ್ಲ."

ಬರೆದುಕೊಂಡೆ. ಹಿಂದಿನಿಂದ ಅಳಿಯನ ದನಿ, ಅರ್ಥಿಂಗ್‌ಗೆ ಇವತ್ತು ನೀರು ಹಾಕಿದಿರಾ ಅಂತ. ಮಳೆ ಹಾಕಿದೆ ಅಂದೆ.